ಮೂರನೇ ನಂಬರಿನ ಬಾವುಟ

ಬಾಲವಾಡಿ ಶುರುವಾದ ಮೂರನೇ ದಿನವೇ ನನ್ನ ಹವಾಮಾನದ ಗೋಡೆಯ ಮೇಲೆ ಕತ್ತೆಯೊಂದು ಬಂದು ಕೂತಿತ್ತು.

ಬೇಸಿಗೆ ರಜೆಯಿಡೀ ಕೂತು ಆ ಗೋಡೆ ಮಾಡಿದ್ದೆ. ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿ ಐದು ಬಗೆಯ ಚೀಟಿ. ಬಿಸಿಲು, ಮೋಡ, ಗಾಳಿ, ಮಳೆ, ಗುಡುಗು. ದಿನಕ್ಕೊಂದು ಮಗು ಅಂಗಳಕ್ಕೆ ಹೋಗಿ, ತಲೆಯೆತ್ತಿ ಆಕಾಶ ನೋಡಿ, ಒಳಗೆ ಬಂದು ಸರಿಯಾದ ಚೀಟಿಯನ್ನು ಮೊಳೆಗೆ ಸಿಕ್ಕಿಸಬೇಕು. ಮೊದಲು ನೋಡು, ಆಮೇಲೆ ಹಾಕು. ಇದೊಂದು ನಿಯಮದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವವಳಲ್ಲ.

ಅವತ್ತು ಮನ್ವಾಳ ಸರದಿ. ನಾಲ್ಕೂವರೆ ವರ್ಷದ ಆ ಹುಡುಗಿ ಹೊರಗೆ ಹೋದವಳು ಆಕಾಶದ ಕಡೆ ಕಣ್ಣೂ ಹಾಯಿಸದೆ ಬಂದಳು. ಫ್ರಾಕಿನ ಜೇಬಿನಿಂದ ಬಿಸ್ಕತ್ ಪ್ಯಾಕಿನ ರಟ್ಟೊಂದನ್ನು ತೆಗೆದು ಮೊಳೆಗೆ ಸಿಕ್ಕಿಸಿದಳು. ಅದರ ಮೇಲೆ ಪೆನ್ನಿನಲ್ಲಿ ಬರೆದ ಕತ್ತೆ.

"ಇದೇನೇ?"

"ಮೃಗಶಿರ ಮಳೆ ಟೀಚರ್. ಈ ಸಲ ಕತ್ತೆ ಮೇಲೆ ಕೂತ್ಕೊಂಡು ಬಂದಿದೆ, ಪಂಚಾಂಗದಲ್ಲಿ ಬರ್ದಿದೆ. ಕತ್ತೆ ಮೊಂಡು ಅಲ್ವಾ, ಅದಕ್ಕೇ ಒಂದಿನ ಬರತ್ತೆ ಒಂದಿನ ಬರಲ್ಲ. ಮುಂದಿನ ಮಳೆ ಕಪ್ಪೆ ಮೇಲೆ ಬರೋದು. ಆವಾಗ ನೋಡಿ, ಧೋ ಧೋ!"

"ಯಾರು ಹೇಳಿದ್ದು?"

ಅವಳು ಜಗಲಿಯ ಕಡೆ ಬೆರಳು ತೋರಿಸಿದಳು.

ಜೂನ್ ಬಂತೆಂದರೆ ಮೀನುಗಾರರ ನಮ್ಮ ವಾಡಿಯಲ್ಲಿ ಎರಡು ತಿಂಗಳು ಸಮುದ್ರಕ್ಕೆ ಬಾಗಿಲು ಹಾಕಿದ ಹಾಗೆ. ದೋಣಿಗಳೆಲ್ಲ ದಡಕ್ಕೆ. ಬಲೆ ಹರಡಿ ಹೊಲಿಯಲು ನೆನೆಯದ ಉದ್ದ ಜಾಗ ಅಂತಿರುವುದು ಬಾಲವಾಡಿಯ ಜಗಲಿ ಮಾತ್ರ. ಆ ವರ್ಷ ಅಲ್ಲಿ ಬಲೆಯ ರಾಶಿಯ ಹಿಂದೆ ಕೂತಿದ್ದವನು ಮನ್ವಾಳ ಕಾಕಾ, ವಾಮನ ಕುಬಲ. ಎಂಟು ಜನರ ದೋಣಿಗೆ ಟಾಂಡೇಲ, ಅಂದರೆ ನಾಯಕ. ಆರಡಿ ದಾಟಿದ ಆಳಿಗೆ ವಾಮನ ಅಂತ ಹೆಸರಿಟ್ಟವರು ಯಾರೋ.

"ರೀ, ಮಕ್ಕಳಿಗೆ ಕತ್ತೆ ಬರೆದು ಕೊಟ್ಟಿದ್ದು ನೀವಾ?"

"ಹೂಂ." ಹಲ್ಲಿನ ನಡುವೆ ದಾರವಿತ್ತು. "ಕಿವಿ ಸ್ವಲ್ಪ ಉದ್ದ ಆಯ್ತು ಅಂತ ನಂಗೂ ಅನ್ನಿಸ್ತು."

"ಹವಾಮಾನ ಅಂದ್ರೆ ವಿಜ್ಞಾನ. ನಿಮ್ಮ ಕತ್ತೆ, ಕಪ್ಪೆ, ನರಿ ಎಲ್ಲ ಮನೇಲಿಟ್ಕೊಳ್ಳಿ."

ಆಗ ಅವನು ತಲೆಯೆತ್ತಿ ನೋಡಿದ. ಉಪ್ಪುಗಾಳಿಗೆ ಕಿರಿದಾಗಿಯೇ ಉಳಿದುಬಿಟ್ಟ ಕಣ್ಣುಗಳು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡುವವನ ಹಾಗೆ ನನ್ನ ಮುಖವನ್ನು ಒಂದು ಕ್ಷಣ, ಇನ್ನೂ ಒಂದು ಕ್ಷಣ ನೋಡಿದ.

"ಮನ್ವಾ," ಅಂದ ಮೆಲ್ಲಗೆ, "ಕತ್ತೆ ತೆಗಿಯೇ. ಗುಡುಗಿನ ಚೀಟಿ ಹಾಕು."

ಹದಿನೆಂಟು ಮಕ್ಕಳೂ ಕಿಸಕ್ಕೆಂದು ನಕ್ಕವು. ಖಿಚಡಿ ಬೇಯಿಸುತ್ತಿದ್ದ ರಖ್ಮಾ ಮಾವಶಿ ಒಳಗಿನಿಂದ ಸೌಟಿನ ಸಮೇತ ನಕ್ಕಳು. ನಾನು ಒಳಗೆ ಬಂದು ಗೋಡೆಯ ಕಡೆ ತಿರುಗಿ ನಿಂತೆ. ನನಗೂ ನಗು ಬಂದಿತ್ತು, ಅದೇ ತೊಂದರೆ.

ಕಪ್ಪೆಯ ಮಳೆ ಬಂತು, ನಿಜಕ್ಕೂ ಧೋ ಧೋ ಎಂದು.

ಅಂಗಳದಲ್ಲಿ ಡಬ್ಬಿಯಿಟ್ಟು ಮಕ್ಕಳ ಬೆರಳಿನಿಂದ ನೀರು ಅಳೆದೆವು. ಇವತ್ತು ಎರಡು ಬೆರಳು ಮಳೆ, ನಿನ್ನೆ ನಾಲ್ಕು. ಠಕಿ ಅನ್ನುವ ಮರದ ಗೊಂಬೆಗೆ ಆಯಾ ದಿನದ ಬಟ್ಟೆ ತೊಡಿಸಿದೆವು. ಬಿಸಿಲಿಗೆ ಹತ್ತಿ ಲಂಗ, ಚಳಿಗೆ ಸ್ವೆಟರ್, ಮಳೆಗೆ ಹಾಲಿನ ಕವರಿನ ರೇನ್‌ಕೋಟ್. ಮರುದಿನ ಬಂದು ನೋಡಿದರೆ ಠಕಿಯ ತಲೆಯ ಮೇಲೆ ಎಲೆಯಿಂದ ಹೆಣೆದ ಪುಟ್ಟ ಗೊರಬು, ಅಂಗೈಯಷ್ಟು.

"ನಿಮ್ಮ ರೇನ್‌ಕೋಟು ಸೋರತ್ತೆ ಟೀಚರ್," ಅಂತ ಕಿಟಕಿಯಾಚೆಯಿಂದ ದನಿ ಬಂತು. "ಪಾಪ ಹುಡುಗಿಗೆ ನೆಗಡಿ ಆದ್ರೆ?"

"ನಿಮಗೆ ಬಲೆ ಹೊಲಿಯೋ ಕೆಲಸ ಇಲ್ವಾ?"

"ಇದೆ. ಮುಗಿಸೋಕೆ ಮನಸ್ಸಿಲ್ಲ."

ಅಷ್ಟೇ. ಅದೂ ಬಲೆಯನ್ನೇ ನೋಡುತ್ತ ಹೇಳಿದ್ದು. ಇಡೀ ದಿನ ನನಗೆ ಎಣಿಕೆ ತಪ್ಪಿತು.

ಕೈಮಳೆಯ ಆಟವೆಂದರೆ ಮಕ್ಕಳಿಗೆ ಪ್ರಾಣ. ಮೊದಲು ಅಂಗೈ ಉಜ್ಜುವುದು, ಅದು ಗಾಳಿ. ಆಮೇಲೆ ಚಿಟಿಕೆ, ಹನಿ. ಆಮೇಲೆ ತೊಡೆ ಬಡಿಯುವುದು, ಜಡಿಮಳೆ. ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ, ಚಿಟಿಕೆ, ಅಂಗೈ, ಮೌನ. ನಾವು ತೊಡೆ ಬಡಿಯುವ ಹೊತ್ತಿಗೆ ಸರಿಯಾಗಿ ಜಗಲಿಯಲ್ಲಿ ಖಾಲಿ ಡ್ರಮ್ಮಿನ ಮೇಲೆ ಗುಡುಗು ಬೀಳುತ್ತಿತ್ತು. ಕೊನೆಯ ಮೌನದಲ್ಲಿ ಕಿಟಕಿಯ ಸರಳುಗಳ ನಡುವೆ ಅವನ ಕಣ್ಣು ನನ್ನದನ್ನು ಹಿಡಿದು ನಿಲ್ಲಿಸುತ್ತಿತ್ತು. ಮಕ್ಕಳು "ಇನ್ನೊಂದ್ಸಲ" ಅಂತ ಕೂಗುವವರೆಗೆ ನಾನು ಕೈ ಅಲ್ಲಾಡಿಸಲಾರದೆ ಕೂತಿರುತ್ತಿದ್ದೆ.

"ಆ ಕಿಟಕಿ ಓಡಿಹೋಗಲ್ಲ ಕಣೇ," ಎಂದಳು ಮಾವಶಿ. "ಘಳಿಗೆಗೊಂದ್ಸಲ ನೋಡ್ಬೇಕಾಗಿಲ್ಲ."

ಒಂದು ದಿನ ಮನ್ವಾ ಚೀಟಿಗಳನ್ನೆಲ್ಲ ಎಣಿಸಿ ತಗಾದೆ ತೆಗೆದಳು. "ಬಾವುಟ ಎಲ್ಲಿ ಟೀಚರ್?"

ಬಂದರಿನ ಕಂಬಕ್ಕೆ ಮೂರನೇ ನಂಬರಿನ ಬಾವುಟ ಹತ್ತಿದರೆ ಬಿರುಗಾಳಿ ಅಂತ ಅರ್ಥ, ಅವತ್ತು ಯಾರೂ ದೋಣಿ ಬಿಡುವ ಹಾಗಿಲ್ಲ. ನಾನು ಅದನ್ನು ಬೇಕೆಂದೇ ಬಿಟ್ಟಿದ್ದೆ.

"ಬಾವುಟ ಹತ್ತಿದ್ರೆ ಅಪ್ಪಾನೂ ಕಾಕಾನೂ ಮನೇಲೇ ಇರ್ತಾರೆ," ಎಂದು ಅವಳು ಉಳಿದವರಿಗೆ ವಿವರಿಸಿದಳು. ವಾಮನ ಕೆಂಪು ಬಟ್ಟೆಯ ತುಂಡೊಂದನ್ನು ರಟ್ಟಿಗೆ ಹೊಲಿದು ಕೊಟ್ಟ. ಆರನೇ ಚೀಟಿ ಆಯಿತು.

ಅವತ್ತು ಮಕ್ಕಳು ಹೋದ ಮೇಲೆ ಅವನು ಕೇಳಿದ. "ಆಕಾಶ ನೋಡು, ಆಕಾಶ ನೋಡು ಅಂತ ಮಕ್ಕಳ ಪ್ರಾಣ ಯಾಕೆ ತಿಂತೀರಿ? ಬಾವುಟ ಕಂಡಾಗ ಮುಖ ಯಾಕೆ ಹಾಗಾಯ್ತು?"

ಮಳೆ ಸುರಿಯುತ್ತಿತ್ತು, ಮನೆಗೆ ಹೋಗುವಂತಿರಲಿಲ್ಲ. ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ.

ನನ್ನಪ್ಪ ದೋಣಿಗೆ ಹೊರಡುವ ಮುಂಚೆ ದಿನಾ ನನ್ನನ್ನು ಕೇಳುತ್ತಿದ್ದರು, "ಆಕಾಶ ಹೇಗಿದೆ, ಪಂಡಿತೆ?" ನಾನು ಓಡಿಹೋಗಿ ಅಂಗಳದಲ್ಲಿ ನೋಡಿ ಬಂದು ಹೇಳಬೇಕು. ಆರು ವರ್ಷ ನನಗೆ. ಒಂದು ಬೆಳಿಗ್ಗೆ ಚಳಿಯಿತ್ತು, ಕೌದಿಯಿಂದ ಏಳಲಿಲ್ಲ. ಒಳಗಿನಿಂದಲೇ "ಬಿಸಿಲು, ಬಾಬಾ" ಅಂದೆ. ಅಪ್ಪ ನಕ್ಕು ಹೋದರು. ವಾಪಸು ಬರಲಿಲ್ಲ.

ಅವನ ಸೂಜಿ ನಿಂತಿತ್ತು.

"ಆರು ವರ್ಷದ ಮಗು ಮಾತು ಕೇಳಿ ಯಾವ ಟಾಂಡೇಲನೂ ದೋಣಿ ಬಿಡಲ್ಲ, ಪ್ರಾಜಕ್ತಾ," ಎಂದ. "ಅವ್ರು ನೋಡೇ ಹೋಗಿರ್ತಾರೆ. ನಿಮ್ಮನ್ನ ಕೇಳ್ತಿದ್ದಿದ್ದು ನಿಮ್ಮ ದನಿ ಕೇಳಿ ಹೋಗೋಣ ಅಂತ."

ಇಪ್ಪತ್ತಮೂರು ವರ್ಷ ಹೊತ್ತ ಭಾರ. ಒಂದು ಬಲೆಯ ರಾಶಿಯ ಮುಂದೆ ಕೂತು ಮುಖ ಮುಚ್ಚಿಕೊಂಡು ಅತ್ತೆ. ಅವನು ನನ್ನನ್ನು ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ಮಳೆ ನಿಲ್ಲುವವರೆಗೆ ಅಲ್ಲೇ ಕೂತಿದ್ದ.

ನನ್ನ ಗತಿ ಅಲ್ಲಿಗೆ ಮುಗಿಯಿತು. ಪ್ರೀತಿ ಮಾಡಬಾರದವನನ್ನೇ ಪ್ರೀತಿಸಿದ್ದೆ. ಸಮುದ್ರಕ್ಕೆ ಹೋಗುವವನು ಬೇಡ ಅಂತ ಆಯಿಗೆ, ಅಂದರೆ ಅಮ್ಮನಿಗೆ, ಮಾತು ಕೊಟ್ಟವಳು ನಾನೇ. "ನೀರು ಬಾವಿಯೊಳಗೆ ಇರೋ ಊರು ಹುಡುಕ್ತೀನಿ ನಿಂಗೆ" ಅಂತ ಅವಳು ಕೊಲ್ಹಾಪುರದಲ್ಲಿ ಕಚೇರಿ ಕೆಲಸದ ಗಂಡೊಂದನ್ನು ನೋಡಿಯೂ ಆಗಿತ್ತು. ದೋಣಿಗಳು ಮತ್ತೆ ನೀರಿಗಿಳಿಯುವ ನಾರಳಿ ಹುಣ್ಣಿಮೆ ಕಳೆದ ಭಾನುವಾರ ಅವರು ಬರುವವರಿದ್ದರು. ಬೇಡ ಅನ್ನಲು ಬಾಯಿ ಬರಲಿಲ್ಲ, ಹೂಂ ಅನ್ನಲೂ ಬರಲಿಲ್ಲ.

ಹುಣ್ಣಿಮೆ ಹತ್ತಿರ ಬಂದಂತೆ ಗೋಡೆಯ ಮೇಲೆ ಹೊಸ ಕಾಟ ಶುರುವಾಯಿತು. ಚೆನ್ನಾಗಿ ಬಿಸಿಲಿರುವ ದಿನಗಳಲ್ಲೂ ಮೊಳೆಗೆ ಬಾವುಟದ ಚೀಟಿ. ಇವತ್ತು ಮನ್ವಾ, ನಾಳೆ ಇನ್ನೊಂದು ಮಗು. ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಅಪ್ಪಂದಿರೆಲ್ಲ ಹೊರಡುತ್ತಾರೆ ಅಂತ ಅವಕ್ಕೆ ಗೊತ್ತು.

"ಚೀಟಿ ಹಾಕಿದ್ರೆ ಬಿರುಗಾಳಿ ಬರಲ್ಲ ಪುಟ್ಟಾ. ಬಿರುಗಾಳಿ ಬಂದ್ರೆ ಚೀಟಿ ಹಾಕೋದು."

"ಹಾಕಿ ನೋಡಿ ಟೀಚರ್," ಎಂದಳು ಮನ್ವಾ ಗಂಭೀರವಾಗಿ. "ಒಂದೊಂದ್ಸಲ ಬರತ್ತೆ."

ಹುಣ್ಣಿಮೆ ಆಯಿತು. ತೆಂಗಿನಕಾಯಿ ತೇಲಿಹೋಯಿತು, ಮನೆಮನೆಯಲ್ಲಿ ಬೆಲ್ಲ ಹಾಕಿದ ತೆಂಗಿನಕಾಯಿ ಅನ್ನ ಘಮಘಮಿಸಿತು. ಮರುದಿನ ಬಲೆಗಳು ದೋಣಿ ಸೇರಿದವು. ಬರಿದಾದ ಜಗಲಿಯಲ್ಲಿ ನಿಂತು ವಾಮನ ಹೇಳಿದ, "ನಾಳೆ ಮಧ್ಯಾಹ್ನ ನೀರು ಏರಿದಾಗ, ಭರತಕ್ಕೆ ಹೊರಡೋದು. ಹನ್ನೆರಡು ದಿನ."

ಎಲ್ಲರೂ ಹೋಗಿ ಬಾ ಅನ್ನುತ್ತಾರೆ. ಎರಡೇ ಮಾತು. ನಾನು ಪಾಟಿಗಳನ್ನು ಜೋಡಿಸುತ್ತ ನಿಂತೆ.

"ಕೊಲ್ಹಾಪುರದೋರು ಭಾನುವಾರ ಬರ್ತಾರಂತೆ," ಎಂದ.

"ಹೂಂ."

"ಒಳ್ಳೆ ಊರು," ಅಂದು ಹೊರಟುಹೋದ.

ಮರುದಿನ ಯಾರೂ ಬರುವ ಮುಂಚೆಯೇ ಬಾಲವಾಡಿಯ ಬೀಗ ತೆಗೆದೆ. ಅಂಗಳದಲ್ಲಿ ತಲೆ ತಗ್ಗಿಸಿಯೇ ನಡೆದು ಬಂದಿದ್ದೆ. ನೇರ ಗೋಡೆಯ ಹತ್ತಿರ ಹೋಗಿ ಡಬ್ಬಿಯಿಂದ ಕೆಂಪು ಬಾವುಟ ತೆಗೆದು ಮೊಳೆಗೆ ಸಿಕ್ಕಿಸಿದೆ. ಇಪ್ಪತ್ತೊಂಬತ್ತು ವರ್ಷದ ಟೀಚರ್ ನಾನು, ಮಕ್ಕಳಿಗೆ ಹವಾಮಾನ ಕಲಿಸುವವಳು.

ತೆಗೆದುಬಿಡೋಣ ಅಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಮನ್ವಾ. ಹಿಂದೆ ಅವಳ ಬ್ಯಾಗು ಹಿಡಿದು ಅವನು.

"ಟೀಚರ್! ಇವತ್ತು ನನ್ನ ಸರದಿ! ಯಾರು ಹಾಕಿದ್ದು?"

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ನೀವಾ? ಆಕಾಶ ನೋಡಿದ್ರಾ? ನೋಡ್ದೇ ಹಾಕಿದ್ರಾ?" ಅವಳು ಸೊಂಟದ ಮೇಲೆ ಕೈಯಿಟ್ಟಳು. ಥೇಟ್ ನಾನೇ.

ವಾಮನ ಗೋಡೆ ನೋಡಿದ. ಆಮೇಲೆ ನನ್ನನ್ನು. ಅವನ ಮುಖದ ಮೇಲೆ ಯಾವ ಚೀಟಿ ಹಾಕಬೇಕೋ ನನಗೆ ತಿಳಿಯಲಿಲ್ಲ.

"ಮನ್ವಾ, ಪಕ್ಕದ ಮಾವಶಿ ಮನೇಲಿ ಬಿಸಿ ಖಿಚಡಿ ಇದ್ಯಾ ನೋಡಿ ಬಾ," ಎಂದ. ಅವಳು ಓಡಿದಳು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ದೋಣಿಯವರು. ಮಧ್ಯಾಹ್ನದೊಳಗೆ ಐಸು ತುಂಬಬೇಕು, ಬೇಗ ಬಾ ಅನ್ನುವ ಅತ್ತ ಕಡೆಯ ಕೂಗಾಟ ನನಗೂ ಕೇಳುತ್ತಿತ್ತು.

"ಸ್ವಲ್ಪ ತಾಳ್ರೋ," ಎಂದ ವಾಮನ. "ಬಾವುಟ ಹತ್ತಿದೆ."

"ಯಾವ ಬಾವುಟ? ಬಂದರಲ್ಲಿ ಏನೂ ಇಲ್ಲ!"

"ಇಲ್ಲಿ ಹತ್ತಿದೆ," ಅಂದು ಫೋನ್ ಇಟ್ಟ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ತೆಗೆದುಬಿಡಿ. ಮಕ್ಕಳಾಟ."

"ಹಾಕಿದವರೇ ಇಳಿಸ್ಬೇಕು. ಇಳಿಸೋವರೆಗೂ ನಾನು ಹೋಗಲ್ಲ."

"ಏಳು ಜನ ಕಾಯ್ತಿದಾರೆ."

"ಕಾಯ್ಲಿ."

"ಭರತ ಇಳಿದ್ರೆ ನೀರು ಸಾಲಲ್ಲ, ಅಳಿವೆ ದಾಟೋಕಾಗಲ್ಲ!"

"ಗೊತ್ತು."

"ಎಲ್ಲ ನನ್ನ ತಲೆ ಮೇಲೆ ಹಾಕ್ತೀರಲ್ಲ, ಇದು ಅನ್ಯಾಯ." ದನಿ ಒಡೆಯಿತು. "ಬೇಡ ಅಂದ್ರೆ ನಿಲ್ತೀರಾ? ಸಮುದ್ರ ಬಿಟ್ಟು?"

ಅವನು ಯೋಚಿಸಿ ಉತ್ತರ ಕೊಟ್ಟ. "ಇವತ್ತು ನಿಲ್ತೀನಿ. ನಾಳೆನೂ ನಿಲ್ತೀನಿ. ಆಮೇಲೆ ದಿನಾ ಜಗಲೀಲಿ ಕೂತು ನಿಮ್ಮನ್ನೇ ಬೈಕೋತೀನಿ. ಸುಳ್ಳು ಹೇಳೋಕೆ ಬರಲ್ಲ ನಂಗೆ."

"ನೀವಂದ್ರೆ ನಂಗೆ ಪ್ರಾಣ," ಎಂದೆ. ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. "ಕೊಲ್ಹಾಪುರಕ್ಕೆ ಹೋಗೋಕಾಗಲ್ಲ. ಇಲ್ಲಿದ್ದು ದಿನಾ ಆ ಅಳಿವೆ ನೋಡೋಕೂ ಧೈರ್ಯ ಇಲ್ಲ. ನಾನೇನು ಮಾಡ್ಲಿ ವಾಮನ?"

ಅವನ ಕಿರಿದಾದ ಕಣ್ಣುಗಳು ತುಂಬಿದ್ದವು. ಒಂದು ಹೆಜ್ಜೆ ಹತ್ತಿರ ಬಂದ. ಬೆರಳಿಗೆ ಇನ್ನೂ ಬಲೆಯ ದಾರದ ಗಾಯಗಳಿದ್ದವು. ಆ ಬೆರಳು ನನ್ನ ಬೆರಳ ತುದಿಯನ್ನಷ್ಟೇ ಹಿಡಿಯಿತು.

"ಆಕಾಶ ಹೇಗಿದೆ, ಟೀಚರ್?" ಎಂದು ಕೇಳಿದ.

ಅಪ್ಪ ಹೋದ ಮೇಲೆ ಆ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಉತ್ತರ ಕೌದಿಯೊಳಗಿನಿಂದ ಹೇಳುವಂಥದ್ದಲ್ಲ. ಕೈ ಬಿಡಿಸಿಕೊಂಡು ಅಂಗಳಕ್ಕೆ ಹೋದೆ. ತಲೆಯೆತ್ತಿದೆ. ಪೂರ್ವ, ದಕ್ಷಿಣ, ಉತ್ತರ, ಅಳಿವೆಯ ಮೇಲೆ, ಅದರಾಚೆ. ಮಕ್ಕಳಿಗೆ ಹೇಳಿಕೊಟ್ಟಂತೆಯೇ ನಾಲ್ಕೂ ಕಡೆ ನೋಡಿದೆ. ಬಹಳ ಹೊತ್ತು ನೋಡಿದೆ, ಭಯ ಹೋಗಲಿ ಅಂತ. ಅದೇನೂ ಹೋಗಲಿಲ್ಲ.

ಒಳಗೆ ಬಂದೆ.

"ಬಿಸಿಲು. ಉತ್ತರಕ್ಕೆ ಎರಡು ಬಿಳಿ ಮೋಡ. ಗಾಳಿ ಸಣ್ಣದು." ಅವನ ಮುಖ ನೋಡಿಯೇ ಹೇಳಿದೆ. "ಹೋಗಿ ಬಾ."

ಬಾವುಟ ಇಳಿಸಿದೆ. ಬಿಸಿಲಿನ ಚೀಟಿ ಸಿಕ್ಕಿಸಿದೆ.

ಅವನು ನನ್ನ ಕೈಯಿಂದ ಕೆಂಪು ಚೀಟಿ ತೆಗೆದುಕೊಂಡು ಅಂಗಿಯ ಜೇಬಿಗಿಟ್ಟ. "ಇದು ನನ್ನ ಹತ್ರ ಇರ್ಲಿ. ಇನ್ನು ಹಾಕೋದಿದ್ರೆ ಶಾಲೇಲಿ ಬೇಡ, ನಮ್ಮನೆ ಬಾಗಿಲಿಗೆ ಹಾಕು. ಬಂದ ತಕ್ಷಣ ಮೊಳೆ ಹೊಡೀತೀನಿ."

"ಆಯಿಗೆ ನಾನು ಇವತ್ತೇ ಹೇಳ್ತೀನಿ," ಎಂದೆ.

"ಬೈದ್ರೆ?"

"ಬೈತಾಳೆ. ಅಳ್ತಾಳೆ. ಆಮೇಲೆ ಹನ್ನೆರಡು ದಿನ ಇಬ್ರೂ ಸೇರಿ ಆಕಾಶ ನೋಡ್ತೀವಿ."

ಅವನು ಅಂಗಳ ದಾಟಿ, ತೆಂಗಿನ ಮರಗಳ ಆಚೆ ತಿರುಗುವ ಮುಂಚೆ ಒಮ್ಮೆ ಹಿಂದೆ ನೋಡಿದ. ಕೈ ಎತ್ತಲಿಲ್ಲ, ಜೇಬು ಮುಟ್ಟಿ ತೋರಿಸಿದ ಅಷ್ಟೇ.

ಮನ್ವಾ ಗಲ್ಲಕ್ಕೆಲ್ಲ ಖಿಚಡಿ ಮೆತ್ತಿಕೊಂಡು ಬಂದಳು. ಗೋಡೆಯನ್ನು ನೋಡಿದಳು, ನನ್ನ ಒದ್ದೆ ಮುಖವನ್ನು ನೋಡಿದಳು. ಅನುಮಾನದಿಂದ ಕೇಳಿದಳು.

"ಈ ಸಲ ನೋಡಿ ಹಾಕಿದ್ರಾ?"

"ಹೂಂ," ಎಂದೆ. "ನೋಡೇ ಹಾಕಿದೆ."