ಅಮ್ಮ ನುಡಿದ ಸಾಕ್ಷಿ

ಬಾಗಿಲಿನ ಕಿಂಡಿಯಲ್ಲಿ ಕಂಡ ಮುಖಕ್ಕೆ ಬೆಚ್ಚಿ ತೇಜಸ್ವಿನಿ ಇನ್ನೊಂದು ಚಿಲಕ ಹಾಕಿದಳು. ಸಾಗರ್... ಅವಳ ಮಾಜಿ ಗಂಡ.

ಇಬ್ಬರೂ ಅಮೆರಿಕದ ಸೇನೆಯವರೇ. ಅವಳ ಹತ್ತಿರ ಸುಳಿಯಕೂಡದೆಂದು ಕಮಾಂಡರು ಅವನಿಗೆ ಆರ್ಡರ್ ಕೊಟ್ಟಿದ್ದರು. ಆದರೂ ಜೀವಭಯಕ್ಕೆ ಅವಳು ನೆವಾರ್ಕಿನ ಈ ಅಪಾರ್ಟ್‌ಮೆಂಟಿಗೆ ಗುಟ್ಟಾಗಿ ಬಂದಿದ್ದಳು.

"ತೆಗಿಯೇ ಬಾಗ್ಲು." ಬೂಟುಕಾಲಿನಿಂದ ಒದ್ದ. "ಇವತ್ತಲ್ಲ ನಾಳೆ ಡ್ಯೂಟಿಗೆ ಹೋಗೋಕಾದ್ರೂ ತೆಗೀಲೇಬೇಕಲ್ಲ?"

ಅವಳು ಫೋನ್ ಮಾಡಿ ಕರೆಸಿದ ಪೊಲೀಸರು ಬರುವಷ್ಟರಲ್ಲಿ ಅವನಿರಲಿಲ್ಲ. ಕಮಾಂಡರ ಆರ್ಡರ್ ಮೇಲೆ ತಾವು ಹಿಡಿಯುವಂತಿಲ್ಲ, ಕೋರ್ಟಿನ ಆರ್ಡರೇ ಬೇಕು ಎಂದು ಹೇಳಿ ಹೋದರು.

ಕೋರ್ಟಿಗೆ ಹೋಗೆಂದು ಸುಘೋಷ್ ಮೊದಲೇ ಬಡಕೊಂಡಿದ್ದ. ಅವಳದೇ ತುಕಡಿಯವನು, ಈ ಮನೆಗೆ ಸಾಮಾನು ಸಾಗಿಸಲು ಹೆಗಲು ಕೊಟ್ಟವನು. ಅವನೆಂದರೆ ಅವಳಿಗೆ ಪ್ರಾಣ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಆದರೆ ಹತ್ತಿರದ ಯೂನಿಯನ್ ಸಿಟಿಯಲ್ಲಿದ್ದ ಅಮ್ಮ ಗೌರಮ್ಮ, "ಕೋರ್ಟು ಕಚೇರಿ ಬ್ಯಾಡ ಕಣವ್ವ, ಮಾನ ಹೋಯ್ತದೆ" ಎಂದು ಕೈಮುಗಿದಿದ್ದರು. ಮಗಳು ಕರಗಿಬಿಟ್ಟಿದ್ದಳು.

ಈ ವಿಳಾಸ ಗೊತ್ತಿದ್ದದ್ದು ಅಮ್ಮನಿಗೆ, ಸುಘೋಷನಿಗೆ ಮಾತ್ರ. ಹೆತ್ತ ತಾಯಿ ಕೊಡುತ್ತಾಳೆಯೇ? ಛೇ...

ಸುದ್ದಿ ತಿಳಿದು ಓಡಿ ಬಂದ ಸುಘೋಷನ ಮುಖಕ್ಕೇ ಅಂದಳು, "ಅವ್ನಿಗೆ ಅಡ್ರೆಸ್ ಕೊಟ್ಟಿದ್ದು ನೀನೇ. ನಿನ್ನ ಮುಖ ನೋಡೋಕೂ ಅಸಹ್ಯ ಆಗ್ತಿದೆ."

ಏನೋ ಹೇಳಲು ಹೋದವನು ನುಂಗಿಕೊಂಡ. "ಕೋರ್ಟಿಗೆ ಮಾತ್ರ ಹೋಗು" ಎಂದು ಮೆಟ್ಟಿಲಿಳಿದ.

ಹೋದಳು. ಅಲ್ಲಿ ಸಾಗರ್ ತಣ್ಣಗೆ ಪ್ರಮಾಣ ಮಾಡಿ ಹೇಳಿದ: ಅಂದು ತಾನು ದೂರದ ಊರು ಲಾಸ್ ಗ್ಯಾಟೋಸಿನಲ್ಲಿದ್ದೆ, ಅವಳ ಮನೆ ಎಲ್ಲಿದೆಯೆಂದೇ ಗೊತ್ತಿಲ್ಲ. ಅವನು ಒಳ್ಳೆಯವನೆಂದು ಸಾಕ್ಷಿ ಹೇಳಲು ಹೊರಗೆ ಕಾಯುತ್ತಿದ್ದವರನ್ನು ಕರೆದರು. ಬಂದವರು ಗೌರಮ್ಮ!

ಅಮ್ಮಾ... ನೀನಾ?

ಅಳಿಯ ಒಳಗೇನು ಬೊಗಳಿದ್ದಾನೆಂದು ಆ ತಾಯಿಗೇನು ಗೊತ್ತು? ದುಭಾಷಿಯ ಮುಂದೆ ಧೈರ್ಯವಾಗಿ ಹೇಳಿದರು. "ಅವನ್ದೇನೂ ತಪ್ಪಿಲ್ಲ ಸ್ವಾಮಿ. ಅವ್ನಾಗವ್ನೇ ಹೋಗ್ನಿಲ್ಲ. ಅಡ್ರೆಸ್ ಕೊಟ್ಟು, ಸೀರೆ, ಮಡಿಲಕ್ಕಿ ಕೊಟ್ಟು ನಾನೇ ಕಳಿಸ್ದೆ. ಮನೆಗೆ ಕರಕೊಂಡ್ ಬಾರಪ್ಪ ಅಂದೆ. ಡೈವೋರ್ಸ್ ಪೇಪರ್ನಾಗೆ ಬಿಟ್ರೆ ಬಿಟ್ಟಂಗಾ? ಗಂಡ ಹೆಂಡ್ರ ಜಗಳ ಉಂಡು ಮಲಗೋಗಂಟ."

ಸಾಗರನ ಮುಖ ಬಿಳಿಚಿಕೊಂಡಿತು. ಮಡಿಲಕ್ಕಿಯಂತೆ... ಅವಳ ಬಾಗಿಲಿಗೆ ಬಂದದ್ದು ಒದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಅವನ ಸುಳ್ಳು ಅಲ್ಲೇ ಬಯಲಾಯಿತು. ತೇಜಸ್ವಿನಿಗೆ ಕೋರ್ಟಿನ ಆರ್ಡರ್ ಸಿಕ್ಕಿತು.

ಹೊರಗೆ ಗೌರಮ್ಮ ಮಗಳನ್ನು ದುರುಗುಟ್ಟಿ ನೋಡಿದರು. "ಸಮಾಧಾನ ಆಯ್ತಾ? ಇನ್ ಮ್ಯಾಕೆ ನಂಗೆ ಮಗಳಿಲ್ಲ." ತಿರುಗಿಯೂ ನೋಡದೆ ಸಾಗರನ ಹಿಂದೆ ನಡೆದರು.

ಬೆಂಚಿನ ಮೇಲೆ ಸುಘೋಷ್ ಕೂತಿದ್ದ. ಅಷ್ಟೆಲ್ಲ ಅನ್ನಿಸಿಕೊಂಡರೂ ಬಂದಿದ್ದ.

"ನಿಂಗೆ ಗೊತ್ತಿತ್ತಾ, ಅಮ್ಮನೇ ಅಂತ?"

"ಅನುಮಾನ ಇತ್ತು."

"ಮತ್ಯಾಕೆ ಹೇಳ್ಲಿಲ್ಲ? ನಾನು ಅಷ್ಟೊಂದು ಬೈದ್ನಲ್ಲೋ..."

"ಹೇಳಿದ್ರೆ ನಿಂಗೆ ಅಮ್ಮ ಇಲ್ದಂಗಾಗೋದು. ಅದಕ್ಕಿಂತ ನಾನೇ ಇಲ್ದಂಗಾದ್ರೆ ವಾಸಿ ಅನ್ನಿಸ್ತು."

ಅವಳ ಅಳು ಕಟ್ಟೆಯೊಡೆಯಿತು. "ನಂಗೆ ನೀನು ಬೇಕು ಕಣೋ. ಯಾವತ್ತೋ ಹೇಳ್ಬೇಕಿತ್ತು. ಅಮ್ಮ ಹೋದ್ರು... ನೀನೂ ಹೋದ್ಯೇನೋ ಅಂದ್ಕೊಂಡೆ."

"ಎಲ್ಲಿಗೆ ಹೋಗ್ಲಿ ತೇಜು? ಇಲ್ಲೇ ಇದೀನಲ್ಲ."