ಇಸ್ತ್ರಿ ಮಾಡಿದ ಅಂಗಿ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಭದ್ರಾವತಿಯ ಠಾಣೆಗೆ ಬಂದ ಸುಬ್ಬಪ್ಪನ ತಲೆಗೆ ಬ್ಯಾಂಡೇಜ್ ಇತ್ತು, ಕೈಯಲ್ಲಿ ಎರಡು ಬಾಳೆಹಣ್ಣಿದ್ದವು. ಉಕ್ಕಿನ ಕಾರ್ಖಾನೆಯ ಕುಲುಮೆ ಮುಂದೆ ನಿಂತು ನಿವೃತ್ತನಾದ ಮನುಷ್ಯ. ಕಾದ ಕಬ್ಬಿಣಕ್ಕೆ ಹೆದರದವನು ಈಗ ಹೋಟೆಲಿನ ಇಡ್ಲಿಗೆ ಹೆದರುತ್ತಿದ್ದ. ಹೊರಗೆ ಹೋದರೆ ಸಿಪ್ಪೆ ಇರುವ ಹಣ್ಣು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ.

"ಯಾರೋ ನಂಗೆ ವಿಷ ಹಾಕ್ತಿದಾರೆ ಸಾರ್," ಎಂದ.

ಇನ್‌ಸ್ಪೆಕ್ಟರ್ ರವಿಶಂಕರ ಕೂರಲು ಹೇಳಿದ. ಇಂಥ ದೂರು ತಿಂಗಳಿಗೊಂದು ಬರುತ್ತದೆ, ಹೆಚ್ಚಿನವು ಅಜೀರ್ಣದಲ್ಲಿ ಮುಗಿಯುತ್ತವೆ. ಆದರೆ ಸುಬ್ಬಪ್ಪ ಆಸ್ಪತ್ರೆಯ ವರದಿ ತಂದಿದ್ದ. ಮೂರು ಸಲ ಕಣ್ಣು ಕತ್ತಲೆ ಕಟ್ಟಿ ಬಿದ್ದಿದ್ದಾನೆ. ಮೂರನೇ ಸಲ ಬಚ್ಚಲಲ್ಲಿ ಬಿದ್ದು ತಲೆ ಒಡೆದಿದೆ. ರಕ್ತದಲ್ಲಿ ಬಿಪಿ ಇಳಿಸುವ ಔಷಧ ಸಿಕ್ಕಿದೆ, ಅದೂ ಮಿತಿಮೀರಿ. ಸುಬ್ಬಪ್ಪನಿಗೆ ಬಿಪಿಯೇ ಇಲ್ಲ. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಬರೆದಿದ್ದರು.

"ಯಾರ ಮೇಲೆ ಅನುಮಾನ?"

"ಮಗನ ಮೇಲೆ," ಎಂದವನು ತಲೆ ತಗ್ಗಿಸಿದ.

ಮಗ ನವೀನನಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ನ್ಯೂ ಟೌನ್ ಪಕ್ಕದಲ್ಲಿ ಸುಬ್ಬಪ್ಪ ಕಟ್ಟಿಸಿದ ಮನೆಯನ್ನು ಮಾರಿ ಅಂಗಡಿ ದೊಡ್ಡದು ಮಾಡಬೇಕೆಂದು ಅವನ ಆಸೆ. ಬಂದಾಗಲೆಲ್ಲ ಮಿಠಾಯಿ ತರುತ್ತಿದ್ದ. ಮನೆ ಮಾರುವ ಮಾತೆತ್ತಿದ ಮೇಲೆ ಸುಬ್ಬಪ್ಪ ಅದನ್ನು ನಾಯಿಗೂ ಹಾಕದೆ ಹೂಳುತ್ತಿದ್ದ. ಮನೆಯಲ್ಲಿ ಇನ್ನಿರುವವಳು ವಿಧವೆ ತಂಗಿ ಪ್ರೇಮಮ್ಮ ಒಬ್ಬಳೇ. ಹೆಂಡತಿ ಹೋದ ಮೇಲೆ ಮಗನನ್ನು ಸಾಕಿದವಳು ಅವಳೇ.

"ಅವಳ ಕೈಯಡುಗೆ ಇರೋದ್ರಿಂದ ಬದುಕಿದೀನಿ ಸಾರ್. ಬೇರೆಯವರದ್ದು ಒಂದು ಗುಟುಕು ನೀರೂ ಕುಡಿಯಲ್ಲ."

ಎಫ್‌ಐಆರ್ ದಾಖಲಾಯಿತು. ಆ ಮಧ್ಯಾಹ್ನವೇ ರವಿಶಂಕರ ಹೆಡ್ ಕಾನ್‌ಸ್ಟೆಬಲ್ ಹುಲಿಯಪ್ಪನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋದ. ನವೀನ ಗಿರಾಕಿಗಳ ಮುಂದೆ ಬೆವರಿದ. ಮನೆ ಕೇಳಿದ್ದು ನಿಜ, ಬ್ರೋಕರ್‌ನನ್ನು ಕರೆದುಕೊಂಡು ಹೋಗಿ ಅಳತೆ ಹಿಡಿಸಿದ್ದೂ ನಿಜ ಎಂದು ಒಪ್ಪಿಕೊಂಡ. ಅದಾದ ಮೇಲೆ ಅಪ್ಪನಿಗೂ ತನಗೂ ಮಾತಿಲ್ಲ ಎಂದ.

"ಕೊನೆಗೆ ಮನೆಗೆ ಹೋಗಿದ್ದು?"

"ಯುಗಾದಿಗೆ. ಆಮೇಲೆ ಹೋಗಿಲ್ಲ, ಏನೂ ಕಳಿಸಿಲ್ಲ."

ಹುಲಿಯಪ್ಪ ಎರಡು ದಿನ ಅಕ್ಕಪಕ್ಕ ವಿಚಾರಿಸಿದ. ಹುಡುಗ ಹೇಳಿದ್ದು ಸರಿಯಿತ್ತು. ಸುಬ್ಬಪ್ಪ ಬಿದ್ದದ್ದೆಲ್ಲ ಯುಗಾದಿ ಕಳೆದ ಮೇಲೆ. ಹಾಗಾದರೆ ವಿಷ ಹೊರಗಿನಿಂದ ಬಂದಿರಲಿಲ್ಲ. ಮುದುಕ ಈ ಹೊತ್ತಿಗೂ ಅದೇ ಮನೆಯಲ್ಲಿ ಊಟ ಮಾಡುತ್ತಿದ್ದ.

ಬುಧವಾರ ಸಂಜೆ ರವಿಶಂಕರ ಒಬ್ಬನೇ ಆ ಮನೆಗೆ ಹೋದ. ಪ್ರೇಮಮ್ಮ ಕಾಫಿ ತಂದಳು. ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ರವಿಶಂಕರನಿಗೆ ಕಾಫಿ ಲೋಟ ಮುಟ್ಟಲು ಧೈರ್ಯ ಬರಲಿಲ್ಲ. ಅವಳು ಅಂಗಡಿಗೆ ಹೋಗುವವರೆಗೆ ಕಾದು ಸುಬ್ಬಪ್ಪನನ್ನು ಕೇಳಿದ.

"ಬಿದ್ದ ದಿನಗಳಲ್ಲಿ ಎಲ್ಲಿಗಾದ್ರೂ ಹೊರಟಿದ್ರಾ?"

ಸುಬ್ಬಪ್ಪ ಬಾಗಿಲ ಕಡೆ ನೋಡಿ ಪಿಸುಗುಟ್ಟಿದ. ಮೂರು ಸಲವೂ ಸಬ್ ರಿಜಿಸ್ಟ್ರಾರ್ ಕಚೇರಿಗೆ, ಉಯಿಲು ನೋಂದಾಯಿಸಲು. ವಕೀಲ ಯಜ್ಞನಾರಾಯಣರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಆ ಮಾತು ಆ ಮನೆಯಲ್ಲಿ ಆಡುವಂತಿರಲಿಲ್ಲ. ಅವನ ಅಪ್ಪ ಉಯಿಲು ಬರೆಸಿದ ತಿಂಗಳಲ್ಲೇ ಸತ್ತಿದ್ದ. ಉಯಿಲು ಅಂದರೆ ಯಮನಿಗೆ ವಿಳಾಸ ಕೊಟ್ಟಂತೆ ಎಂದು ಅಂದಿನಿಂದ ಮನೆಮಂದಿಯ ನಂಬಿಕೆ.

"ತಂಗಿಗೂ ಹೇಳಿಲ್ವಾ?"

"ಅವಳಿಗೆ ಹೇಳಿದ್ರೆ ಹೆದರ್ತಾಳೆ ಸಾರ್."

ರವಿಶಂಕರನ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ಬಿಳಿ ಅಂಗಿಯ ಮೇಲೆ ಬಿತ್ತು. ಗೆರೆ ಮುರಿಯದ ಇಸ್ತ್ರಿ. ಯಾವಾಗ ಹಾಕುತ್ತೀರಿ ಎಂದು ಕೇಳಿದ. ಆಫೀಸು ಕಚೇರಿಗೆ ಹೋಗುವಾಗ ಮಾತ್ರ. ಯಾರು ಇಸ್ತ್ರಿಗೆ ಕೊಡುತ್ತಾರೆ? ಹಿಂದಿನ ಸಂಜೆ ಪ್ರೇಮ ಕೊಟ್ಟು ಬರುತ್ತಾಳೆ.

ಹೇಳುತ್ತಿದ್ದಂತೆ ಸುಬ್ಬಪ್ಪನಿಗೂ ಹೊಳೆಯಿತು: ತಾನು ಬಾಯಿಬಿಡದಿದ್ದರೂ ಅಂಗಿ ಹಿಂದಿನ ಸಂಜೆಯೇ ತಂಗಿಗೆ ಸುದ್ದಿ ಹೇಳುತ್ತಿತ್ತು. ಅವನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಹೆದರುವವರ ಮೇಲೆ ಹಾವು ಎಸೆದ ಹಾಗೆ ಎನ್ನುತ್ತಾರಲ್ಲ, ಹಾವು ಇಷ್ಟು ದಿನ ಮಡಿಲಲ್ಲೇ ಇತ್ತು. ರವಿಶಂಕರ ಅವನ ಹೆಗಲ ಮೇಲೆ ಕೈಯಿಟ್ಟು ಮಾಡಬೇಕಾದುದನ್ನು ಹೇಳಿಕೊಟ್ಟ. ಇವತ್ತು ಊಟ ಬೇಡ, ಹೊಟ್ಟೆ ಸರಿಯಿಲ್ಲ ಅನ್ನಿ. ಅಂಗಿಯನ್ನು ತಂಗಿಯ ಕೈಲಿ ಇನ್ನೊಮ್ಮೆ ಇಸ್ತ್ರಿಗೆ ಕೊಡಿಸಿ. ಬೆಳಗ್ಗೆ ನಾವು ಬರುವ ತನಕ ಏನನ್ನೂ ಬಾಯಿಗಿಡಬೇಡಿ.

ಗುರುವಾರ ಬೆಳಗ್ಗೆ ಏಳೂವರೆ. ಸುಬ್ಬಪ್ಪ ಬಿಳಿ ಅಂಗಿ ತೊಟ್ಟು ಕೂತಿದ್ದ, ಮುಂದೆ ಹಬೆಯಾಡುವ ರಾಗಿ ಗಂಜಿ. ಒಂದು ಲೋಟ ಗಂಜಿಗೆ ಇಷ್ಟು ಹೆದರುತ್ತೇನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಆರಿ ಹೋಗುತ್ತೆ, ಕುಡಿ ಅಣ್ಣ," ಎಂದಳು ಪ್ರೇಮಮ್ಮ, ಅದೇ ಮೆತ್ತಗಿನ ದನಿಯಲ್ಲಿ.

ಬಾಗಿಲು ತಟ್ಟಿದ ಸದ್ದಾಯಿತು. ರವಿಶಂಕರ, ಮಹಿಳಾ ಕಾನ್‌ಸ್ಟೆಬಲ್ ಲಿಖಿತಾ, ಹಿಂದೆ ಇಬ್ಬರು ಪಂಚರು.

"ಅಮ್ಮ, ಈ ಗಂಜಿ ನೀವೇ ಒಂದು ಗುಟುಕು ಕುಡೀತೀರಾ?"

ಪ್ರೇಮಮ್ಮ ಅಣ್ಣನನ್ನು ನೋಡಿದಳು, ಅಂಗಿಯನ್ನು ನೋಡಿದಳು. ಆಮೇಲೆ ಸರಕ್ಕನೆ ಲೋಟ ಎತ್ತಿ ಪೂರ್ತಿ ಕುಡಿಯಲು ಹೋದಳು. ಲಿಖಿತಾ ಕೈ ಹಿಡಿದಳು. ಅರ್ಧ ಗಂಜಿ ನೆಲಕ್ಕೆ ಚೆಲ್ಲಿತು.

ಉಳಿದದ್ದನ್ನು ಸೀಲ್ ಮಾಡಿ, ಪಂಚನಾಮೆ ಬರೆದು, ಅಡುಗೆಮನೆಯ ಡಬ್ಬಿಯಿಂದ ಮಾತ್ರೆಗಳನ್ನು ವಶಪಡಿಸಿಕೊಂಡರು. ಮಾತ್ರೆಗಳು ಪ್ರೇಮಮ್ಮನವೇ. ತಾನು ನುಂಗದೆ ಉಳಿಸಿ ಪುಡಿಮಾಡಿ ಹಾಕುತ್ತಿದ್ದಳು. ಬಂಧಿಸಿ ವೈದ್ಯಕೀಯ ತಪಾಸಣೆಗೆ ಕರೆದೊಯ್ದಾಗ ಡಾಕ್ಟರು ಅವಳ ಬಿಪಿ ನೋಡಿ ಗಾಬರಿಯಾದರು.

"ಅಣ್ಣನ್ನ ಸಾಯಿಸ್ಬೇಕು ಅಂತಿದ್ರಾ?" ಠಾಣೆಗೆ ವಾಪಸಾದ ಮೇಲೆ ಲಿಖಿತಾ ಕೇಳಿದಳು.

"ಇಲ್ಲ. ಆ ಒಂದು ದಿನ ಮಲಗಿದ್ರೆ ಸಾಕಾಗಿತ್ತು. ಆಫೀಸಿಗೆ ಹೋಗದಿದ್ರೆ ಸಾಕಾಗಿತ್ತು." ಸೆರಗನ್ನು ಬಾಯಿಗೊತ್ತಿಕೊಂಡು ಮುಂದುವರಿಸಿದಳು. "ನನ್ನ ಗಂಡ ಸತ್ತಾಗ ಮೈದುನ ಹಿಂಗೇ ಇಸ್ತ್ರಿ ಅಂಗಿ ಹಾಕ್ಕೊಂಡು ಹೋದ. ಅವ್ನು ವಾಪಸ್ ಬರೋ ಹೊತ್ತಿಗೆ ಮನೆ ನಂದಾಗಿರಲಿಲ್ಲ, ನನ್ನ ಬಟ್ಟೆಗಂಟು ಜಗಲಿ ಮೇಲಿತ್ತು. ನವೀನ ಟೇಪ್ ಹಿಡಿದು ಅಳೆದ ದಿನದಿಂದ ನಂಗೆ ನಿದ್ದೆ ಇಲ್ಲ. ಅಣ್ಣ ಇಸ್ತ್ರಿ ಅಂಗಿ ಕೇಳ್ದಾಗೆಲ್ಲ, ಮನೆ ಬರ್ಕೊಡೋಕೆ ಹೊರಟ ಅಂದ್ಕೊಂಡೆ."

ಪಕ್ಕದ ಕೋಣೆಯಲ್ಲಿ ಸುಬ್ಬಪ್ಪ ತನ್ನ ಉಯಿಲಿನ ಕರಡನ್ನು ರವಿಶಂಕರನ ಮುಂದಿಟ್ಟಿದ್ದ. ಮೊದಲ ಕಲಮು ಹೀಗಿತ್ತು: ನನ್ನ ತಂಗಿ ಪ್ರೇಮಮ್ಮ ಬದುಕಿರುವವರೆಗೆ ಈ ಮನೆಯಲ್ಲಿ ವಾಸಿಸತಕ್ಕದ್ದು, ನನ್ನ ಮಗನಾಗಲಿ ಬೇರೆ ಯಾರೇ ಆಗಲಿ ಅವಳನ್ನು ಹೊರಗೆ ಕಳಿಸತಕ್ಕದ್ದಲ್ಲ. ಎರಡು ಸಾಲು. ಆ ಎರಡು ಸಾಲನ್ನು ಅವನು ಊಟಕ್ಕೆ ಕೂತಾಗ ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ ಈ ಫೈಲೇ ಇರುತ್ತಿರಲಿಲ್ಲ. ರವಿಶಂಕರನಿಗೆ ಮುದುಕನ ಮೇಲೆ ಕೋಪವೂ ಬಂತು, ಕನಿಕರವೂ ಬಂತು.

ಪ್ರೇಮಮ್ಮನಿಗೆ ಅದನ್ನು ಓದಿ ಹೇಳಿದವಳು ಲಿಖಿತಾ. ಇನ್ನೊಮ್ಮೆ ಓದು ಮಗಳೇ ಎಂದಳು ಪ್ರೇಮಮ್ಮ.

ಮುಂದಿನ ವಾರ ಸುಬ್ಬಪ್ಪ ನಾಲ್ಕನೇ ಸಲ ರಿಜಿಸ್ಟ್ರಾರ್ ಕಚೇರಿಗೆ ಹೊರಟ. ಅಂಗಿಗೆ ಇಸ್ತ್ರಿ ಇರಲಿಲ್ಲ. ಮೊದಲ ಕಲಮು ತೆಗೆಯೋಣವೇ ಎಂದು ವಕೀಲರು ಕೇಳಿದರು. ಇರಲಿ, ಅವಳು ಜೈಲಿನಿಂದ ಹೊರಗೆ ಬಂದರೆ ಎಲ್ಲಿಗೆ ಹೋಗುತ್ತಾಳೆ ಎಂದು ಸುಬ್ಬಪ್ಪ ಸಹಿ ಹಾಕಿದ. ಜೊತೆಗೆ ಬಂದಿದ್ದ ನವೀನ ಅಪ್ಪನಿಗೆಂದು ಎದುರಿನ ಕ್ಯಾಂಟೀನಿನಿಂದ ಕಾಫಿ ತಂದುಕೊಟ್ಟ. ಸುಬ್ಬಪ್ಪ ಮಗನ ಮುಖ ನೋಡಿದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದು ತಣ್ಣಗಾಗುವವರೆಗೆ ಕುಡಿಯದೆ ಕೂತಿದ್ದ.