ಏಳಲೊಲ್ಲದ ಬೀರು

"ಇನ್ನೂ ಸ್ವಲ್ಪ ಎತ್ತೋ," ಎಂದರು ಅಪ್ಪ.

"ಎಲ್ಲಿಗೆ ಎತ್ತಲಿ ಅಣ್ಣ? ಮೇಲೆ ಸೀಲಿಂಗ್ ಇದೆ," ಎಂದ ಚಿಕ್ಕಪ್ಪ, ಬೀರುವಿನ ಅಡಿಯಿಂದ.

ನೆಲದ ಮೇಲೆ ಮಲಗಿಸಿ ಜೋಡಿಸಿದ್ದ ಹೊಸ ಬೀರು ಅರ್ಧ ಎದ್ದು, ಅಂಚು ಸೀಲಿಂಗಿಗೆ ಕಚ್ಚಿ ನಿಂತುಬಿಟ್ಟಿತ್ತು. ಆಚೆ ಮೂಲೆಯ ಮಂಚದಲ್ಲಿದ್ದ ಅಜ್ಜಿಗೆ ಹೊರಬರಲು ದಾರಿಯಿಲ್ಲ.

"ನಾನು ಬಾತ್‌ರೂಮಿಗೆ ಹೋಗ್ಬೇಕು. ಬೇಗ ಏನಾದ್ರೂ ತೀರ್ಮಾನ ಮಾಡ್ರಪ್ಪ," ಎಂದರು ಅಜ್ಜಿ.

ಬಡಗಿಯನ್ನು ಕರೆಸಿ ಎಂದು ಅಮ್ಮ ಬಡಕೊಂಡಿದ್ದರು. ಅಪ್ಪ ಕೇಳಿರಲಿಲ್ಲ. ಇನ್ನೇನು ಅಮ್ಮ ಆಫೀಸಿನಿಂದ ಬರುವ ಹೊತ್ತು.

"ಬೀರು ಇನ್ನೂರ ನಲವತ್ತು ಸೆಂಟಿಮೀಟರ್. ಸೀಲಿಂಗ್ ಇನ್ನೂರ ನಲವತ್ತೈದು. ಐದು ಮಿಗಬೇಕು. ಈ ಸೀಲಿಂಗೇ ಸೊಟ್ಟ," ಎಂದು ಗೊಣಗಿದರು ಅಪ್ಪ.

ಎಲ್ಲರೂ ಬಟಾಣಿ ಎಂದು ಕರೆಯುವ ಮಗಳು ಬಾಗಿಲಲ್ಲಿ ನಿಂತು ಬೀರುವಿನ ಪಕ್ಕದ ಹಲಗೆಯನ್ನೇ ನೋಡುತ್ತಿದ್ದಳು. ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರೆ, ಮಿಸ್ ಬೋರ್ಡಿನ ಮೇಲೆ ಬರೆಯುವ ತ್ರಿಕೋನವೇ.

"ಅಪ್ಪ, ಬೀರು ಎಷ್ಟು ಆಳ?"

"ಎಪ್ಪತ್ತು. ಹೋಗಿ ಓದ್ಕೋ."

ಬಟಾಣಿ ಕೊನೆಯ ಸೊನ್ನೆಗಳನ್ನು ಬಿಟ್ಟು ರಟ್ಟಿನ ಡಬ್ಬದ ಮೇಲೆ ಗೀಚಿದಳು. ಇಪ್ಪತ್ತನಾಲ್ಕರ ವರ್ಗ ಐನೂರ ಎಪ್ಪತ್ತಾರು. ಏಳರ ವರ್ಗ ನಲವತ್ತೊಂಬತ್ತು. ಕೂಡಿದರೆ ಆರುನೂರ ಇಪ್ಪತ್ತೈದು. ಅದು ಇಪ್ಪತ್ತೈದರ ವರ್ಗ.

"ಓರೆ ಗೆರೆ ಇನ್ನೂರ ಐವತ್ತಿದೆ. ಬೀರು ನಿಂತ್ಮೇಲೆ ಹಿಡಿಸತ್ತೆ. ಆದ್ರೆ ಏಳೋವಾಗ ಈ ಗೆರೆನೂ ನೆಟ್ಟಗಾಗ್ಬೇಕಲ್ವಾ? ಸೀಲಿಂಗ್ ಇರೋದು ಇನ್ನೂರ ನಲವತ್ತೈದೇ."

ಅಪ್ಪ ತಲೆಯೆತ್ತಿ ಸೀಲಿಂಗ್ ನೋಡಿದರು.

"ಅಂದ್ರೆ ನಾನು ಇಷ್ಟೊತ್ತು ಇಲ್ಲದ ಜಾಗಕ್ಕೆ ತಳ್ತಿದ್ನಾ?" ಎಂದ ಚಿಕ್ಕಪ್ಪ ಅಳುವ ದನಿಯಲ್ಲಿ.

"ಹತ್ತು ಸೆಂಟಿಮೀಟರ್ ಕಾಲುಗಳಿವೆಯಲ್ಲ, ಅವನ್ನ ಬಿಚ್ಚಿದ್ರೆ?" ಬಟಾಣಿ ಮತ್ತೆ ಗೀಚಿದಳು. "ಎತ್ತರ ಇನ್ನೂರ ಮೂವತ್ತಾಗತ್ತೆ, ಓರೆ ಗೆರೆ ಇನ್ನೂರ ನಲವತ್ತಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಸಾಕು."

ಬೀರು ಮತ್ತೆ ಮಲಗಿತು. ಕಾಲು ಬಿಚ್ಚಿದರು, ಎತ್ತಿದರು. ಅದು ಏನೂ ಆಗಿಲ್ಲವೆಂಬಂತೆ ಎದ್ದು ನಿಂತಿತು. ಅಜ್ಜಿ ಒಂದೇ ಉಸಿರಿಗೆ ಬಾತ್‌ರೂಮಿಗೆ ಓಡಿದರು. ಒಂದೊಂದೇ ಮೂಲೆ ಎತ್ತಿ ಕಾಲುಗಳನ್ನು ಮತ್ತೆ ಕೂರಿಸುವಷ್ಟರಲ್ಲಿ ಅಮ್ಮ ಬಂದರು.

"ಪರವಾಗಿಲ್ವೇ. ಹೇಗೆ ನಿಲ್ಲಿಸಿದ್ರಿ?"

"ಅದಾ? ಸ್ವಲ್ಪ ಲೆಕ್ಕ ಹಾಕ್ಬೇಕಾಯ್ತು," ಎಂದರು ಅಪ್ಪ ಗತ್ತಿನಿಂದ.

ಬಟಾಣಿ ಬಾಯಿ ತೆರೆದಳು. ಅಪ್ಪನ ತಲೆ ತುಂಬ ಸುಣ್ಣದ ಪುಡಿ. ಒಂದು ಕೈ ನೋಯುವ ಸೊಂಟದ ಮೇಲಿತ್ತು. ಹೋಮ್‌ವರ್ಕ್ ಮಾಡದ ಹುಡುಗ ಮಿಸ್ಸನ್ನು ನೋಡುವ ಹಾಗೆ ಅವರು ಅವಳನ್ನೇ ಓರೆಗಣ್ಣಿನಿಂದ ನೋಡುತ್ತಿದ್ದರು.

"ಹೌದಮ್ಮ, ಕಷ್ಟದ ಲೆಕ್ಕ," ಎಂದಳು ಬಟಾಣಿ, ಅಪ್ಪನ ಹೆಗಲ ಮೇಲಿನ ಪುಡಿ ಕೊಡವುತ್ತ.